ಅರವತ್ತೆರಡು ವರ್ಷಗಳ ಒಂದೇ ಕೈಬರಹ

ಬೆಳಗಿನ ಐದೂ ಮುಕ್ಕಾಲು. ವಿಶ್ವವಿದ್ಯಾಲಯದ ಹಳೆಯ ಆಡಳಿತ ಕಟ್ಟಡದ ಎರಡನೇ ಮಹಡಿಯಲ್ಲಿ ಯಾರೋ ಹಾಜರಿ ಕೂಗುತ್ತಿದ್ದಾರೆ. ಮೆಟ್ಟಿಲು ಹತ್ತುವಾಗಲೇ ಕೇಳಿಸುತ್ತದೆ. ಒಂದು ಹೆಸರು, ಆಮೇಲೆ ಎರಡು ನಿಮಿಷ ಮೌನ. ಇನ್ನೊಂದು ಹೆಸರು, ಮತ್ತೆ ಅಷ್ಟೇ ಮೌನ. ಯಾರೂ ಓಗೊಡುವುದಿಲ್ಲ. ಉದ್ದನೆಯ ಕಾರಿಡಾರಿನ ಎರಡೂ ಬದಿಯ ಬಾಗಿಲುಗಳಿಗೆ ಬೀಗ ಬಿದ್ದಿದೆ. ಕೊಟ್ಟಕೊನೆಯ ಬಾಗಿಲೊಂದು ಮಾತ್ರ ಗೇಣಗಲ ತೆರೆದಿದೆ, ಅದರ ಸಂದಿಯಿಂದ ಬೂದುಬಣ್ಣದ ಬೆಳಕು ನೆಲದ ಮೇಲೆ ಬಿದ್ದಿದೆ.

ಒಳಗೆ ನಲವತ್ತೊಂಬತ್ತು ವರ್ಷದ ಹೆಂಗಸೊಬ್ಬರು ಇಳಿಜಾರು ಮೇಜಿನ ಮುಂದೆ ಕೂತಿದ್ದಾರೆ. ಫ್ಯಾನು ತಿರುಗುತ್ತಿಲ್ಲ. ಕಿಟಕಿ ಮುಚ್ಚಿದೆ. ಅವರು ಪಟ್ಟಿಯತ್ತ ನೋಡುತ್ತಾರೆ, ಹೆಸರನ್ನು ಒಮ್ಮೆ ಬಾಯಿಬಿಟ್ಟು ಹೇಳುತ್ತಾರೆ, ಲೇಖನಿಯನ್ನು ಮಸಿಗೆ ಅದ್ದುತ್ತಾರೆ, ಉಸಿರು ಹಿಡಿದು ಬರೆಯುತ್ತಾರೆ. ಬರೆದಾಗ ಅಕ್ಷರ ತೆಳು ಬೂದಿಯಂತೆ ಕಾಣುತ್ತದೆ, ಇದ್ದೂ ಇಲ್ಲದ ಹಾಗೆ. ಈ ಮಸಿ ಅಂಥದ್ದು. ಗಾಳಿ ಕುಡಿದು ನಿಧಾನವಾಗಿ ಗಟ್ಟಿಯಾಗುತ್ತ, ಮರುದಿನದ ಹೊತ್ತಿಗೆ ಕಡುಕಪ್ಪಾಗುತ್ತದೆ. ಆಮೇಲೆ ನೀರು ಬಿದ್ದರೂ ಹೋಗುವುದಿಲ್ಲ.

"ಹೆಸರು ಹೇಳದೇ ಬರೀಬಾರದು. ಹೇಳಿದ್ರೆ ಕೈ ತಪ್ಪಲ್ಲ," ಎನ್ನುತ್ತಾರೆ, ನನ್ನತ್ತ ತಿರುಗದೆ. "ಮೊದಮೊದಲು ಭಯ ಆಗ್ತಿತ್ತು. ಖಾಲಿ ಕಟ್ಟಡದಲ್ಲಿ ಕೂತು ಯಾರ್ಯಾರ್ದೋ ಹೆಸರು ಕರೀತಾ ಇದ್ರೆ, ಯಾರಾದ್ರೂ ಬಂದೇ ಬಿಟ್ರೆ ಏನು ಮಾಡೋದು ಅಂತ."

ಇಲ್ಲಿ ಎಲ್ಲರೂ ಅವರನ್ನು ಕರೆಯುವುದು ಹೆಸರಮ್ಮ ಅಂತ. ಪ್ರತಿವರ್ಷ ಪದವಿ ಪಡೆಯುವವರ ಪದವಿ ಪತ್ರಗಳ ಮೇಲೆ ಹೆಸರು, ದರ್ಜೆ ಮತ್ತು ವರ್ಷವನ್ನು ಕೈಯಿಂದ ಬರೆಯುವುದು ಅವರ ಕೆಲಸ. ಮುದ್ರಣ ಯಂತ್ರ ತರಿಸಿ ನೋಡಿದ್ದಾರಂತೆ; ಈ ದಪ್ಪ ಕಾಗದ ಅದರ ಬಾಯಲ್ಲಿ ಸಿಕ್ಕಿಕೊಂಡು ಕೂತಿತಂತೆ. ಹಾಗಾಗಿ ಕೈಯೇ ಗತಿ. ಕಚೇರಿಯ ಜನ ಬರುವಷ್ಟರಲ್ಲಿ ತೊಂಬತ್ತು ಹೆಸರು ಮುಗಿಯಬೇಕು, ಯಾಕೆಂದರೆ ಆಮೇಲೆ ಬಾಗಿಲುಗಳು ಬಡಿಯುತ್ತವೆ, ಮೇಜು ಅದುರುತ್ತದೆ, ದೂಳು ಏಳುತ್ತದೆ. ಸಂಜೆಯವರೆಗೆ ಹೇಗೋ ಇನ್ನೈವತ್ತು. ಘಟಿಕೋತ್ಸವಕ್ಕೆ ಮುಂಚಿನ ನಾಲ್ಕು ತಿಂಗಳು ಒಂದು ದಿನವೂ ಬಿಡುವಿಲ್ಲ. ಇಪ್ಪತ್ನಾಲ್ಕು ವರ್ಷಗಳಲ್ಲಿ ಅವರ ಕೈಯಿಂದ ಎರಡು ಲಕ್ಷಕ್ಕೂ ಹೆಚ್ಚು ಮಂದಿ ಪದವೀಧರರಾಗಿದ್ದಾರೆ.

ಅವರೂ ಪದವೀಧರೆ. ಸಂಖ್ಯಾಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ, ಪ್ರಥಮ ದರ್ಜೆ.

ತಾಯಿಗೆ ಬಸ್ ನಿಲ್ದಾಣದ ಹಿಂದೆ ಇಸ್ತ್ರಿ ಅಂಗಡಿ ಇತ್ತು. ಅಂಗಡಿ ಅಂದರೆ ಒಂದು ಮೇಜು, ಒಂದು ತಗಡಿನ ಮಾಡು, ಕೆಂಡದ ಪೆಟ್ಟಿಗೆ. ಮೂರು ಹೆಣ್ಣುಮಕ್ಕಳಲ್ಲಿ ಇವರು ಹಿರಿಯವರು. ಮೇಜಿನ ಕೆಳಗೆ, ಮಡಚಿಟ್ಟ ಬಟ್ಟೆಗಳ ಬಿಸಿ ಗಂಟುಗಳ ನಡುವೆ ಕೂತು ಓದಿದವರು. "ಅಮ್ಮನ ಕೈ ನೋಡಿದ್ರೆ ಓದೋಕೆ ಮನಸ್ಸು ತಾನಾಗೇ ಬರ್ತಿತ್ತು. ಮೊಣಕೈವರೆಗೂ ಸುಟ್ಟ ಕಲೆ. ಓದಿದವಳ ಕೈ ಸುಡಲ್ಲ ಕಣೇ, ಓದು, ಅಂತಿದ್ಲು. ಅದನ್ನ ಒಂದು ಕರಾರು ಅಂದ್ಕೊಂಡಿದ್ದೆ ನಾನು. ಓದೋದು ನನ್ನ ಪಾಲು. ಮಿಕ್ಕಿದ್ದು ಆ ಕಡೆಯವರ ಪಾಲು. ಆ ಕಡೆಯವರು ಯಾರು ಅಂತ ಕೇಳ್ಕೊಳ್ಳಲಿಲ್ಲ ನೋಡಿ."

ಓದು ಮುಗಿಸಿ ಮೂವತ್ತೊಂದು ಕಡೆ ಅರ್ಜಿ ಹಾಕಿದರು. ಕೆಲವು ಕಡೆಯಿಂದ ಉತ್ತರವೇ ಬರಲಿಲ್ಲ, ಕೆಲವು ಕಡೆ ಹುದ್ದೆಯೇ ರದ್ದಾಯಿತು. ಒಂದು ಕಾಲೇಜಿನವರು ಮೂಲ ಪದವಿ ಪತ್ರ ತನ್ನಿ ಎಂದರು. ಅದನ್ನು ತೆಗೆದುಕೊಳ್ಳಲು ಇಪ್ಪತ್ತೈದನೇ ವಯಸ್ಸಿನಲ್ಲಿ ಈ ಕಟ್ಟಡದ ಮೆಟ್ಟಿಲು ಹತ್ತಿದರು. ಪತ್ರದಲ್ಲಿ ಅವರ ಹೆಸರಿನ ಒಂದು ಅಕ್ಷರ ಬಿಟ್ಟುಹೋಗಿತ್ತು. ತಿದ್ದಲು ಮೂರು ತಿಂಗಳಾಗುತ್ತದೆ ಎಂದರು ಗುಮಾಸ್ತರು. ಯಾರು ಬರೆದರೋ ಅವರನ್ನೇ ಕೇಳುತ್ತೇನೆ ಎಂದು ಈ ಕೋಣೆಗೆ ಬಂದರು.

ಆಗ ಈ ಮೇಜಿನ ಮುಂದೆ ಕೂತಿದ್ದವರು ಮಸಿಯಜ್ಜ. ಕಡತದಲ್ಲಿ ಅವರ ಹುದ್ದೆ ಜವಾನ, ಕೆಲಸ ಮಸಿ ದವತಿ ತುಂಬುವುದು. ಆದರೆ ಮೂವತ್ತೆಂಟು ವರ್ಷದಿಂದ ಪದವಿ ಪತ್ರಗಳನ್ನೆಲ್ಲ ಬರೆಯುತ್ತಿದ್ದವರು ಅವರೇ. ನಿವೃತ್ತಿಯ ವಯಸ್ಸು ಹತ್ತಿರ ಬಂದಿತ್ತು, ಕಣ್ಣಿಗೆ ಪೊರೆ ಬಂದಿತ್ತು. ಪಟ್ಟಿ ಓದಲಾಗದೆ ಅಂದಾಜಿನ ಮೇಲೆ ಬರೆಯುತ್ತಿದ್ದರು. ಅವರು ಹುಡುಗಿಯ ದೂರನ್ನು ಕೇಳಿಸಿಕೊಂಡು, "ಕೂತ್ಕೋ, ಈ ಪಟ್ಟಿ ಸ್ವಲ್ಪ ಓದಿ ಹೇಳು," ಎಂದರಂತೆ. ಒಂದು ಗಂಟೆ ಓದಿಸಿಕೊಂಡು, ಕೊನೆಗೆ ಆಕೆಯ ಹೆಸರನ್ನೂ ಹೊಸ ಹಾಳೆಯ ಮೇಲೆ ಸರಿಯಾಗಿ ಬರೆದುಕೊಟ್ಟು, "ನಾಳೆಯೂ ಬರ್ತೀಯಾ?" ಎಂದು ಕೇಳಿದರಂತೆ.

ಕಾಲೇಜಿನ ಕೆಲಸ ಅಷ್ಟರಲ್ಲಿ ಇನ್ನೊಬ್ಬರ ಪಾಲಾಗಿತ್ತು. ಮರುದಿನವೂ ಬಂದರು. ಇವತ್ತಿನವರೆಗೂ ಬರುತ್ತಿದ್ದಾರೆ.

ಈ ಕೆಲಸದ ಕಷ್ಟ ಹೊರಗಿನವರಿಗೆ ಗೊತ್ತಾಗುವಂಥದ್ದಲ್ಲ. ಚೆಂದವಾಗಿ ಬರೆದರೆ ಸಾಲದು. ಮಸಿಯಜ್ಜ ಬರೆದ ಹಾಗೆಯೇ ಬರೆಯಬೇಕು. ಎಲ್ಲೋ ಯಾರೋ ಹಳೆಯ ಪದವಿ ಪತ್ರವನ್ನು ಹೊಸದರ ಪಕ್ಕ ಇಟ್ಟು ನೋಡಿ, ಅಕ್ಷರ ಬೇರೆ ಕಂಡರೆ ನಕಲಿ ಎಂದು ಅನುಮಾನಪಡುತ್ತಾರೆ. ಹಾಗಾಗಿ ಕೈ ಬದಲಾದದ್ದು ಹೊರಗೆ ತಿಳಿಯಕೂಡದು. ಗಾಜಿನ ಹಲಗೆಯ ಕೆಳಗೆ ದೀಪವಿಟ್ಟು, ಅಜ್ಜನ ಅಕ್ಷರದ ಮೇಲೆ ಹಾಳೆಯಿಟ್ಟು, ಒಂದು ವರ್ಷ ದಿನವೂ ತಿದ್ದಿದರು. ಅಜ್ಜ ಎಲ್ಲಿ ಉಸಿರು ಬಿಡುತ್ತಿದ್ದರೋ ಅಲ್ಲಿ ಇವರೂ ಉಸಿರು ಬಿಟ್ಟರು. ಅಜ್ಜನ ಮಧ್ಯದ ಬೆರಳಿನ ಪಕ್ಕ ಒಂದು ಗಂಟು ಇತ್ತು, ಹುರುಳಿಕಾಳಿನಷ್ಟು. ಎಂಟನೇ ತಿಂಗಳಿಗೆ ಇವರಿಗೂ ಅಲ್ಲೇ, ಅಷ್ಟೇ ದೊಡ್ಡ ಗಂಟು ಮೂಡಿತು.

ಅದೇ ದಿನಗಳಲ್ಲಿ ಮದುವೆಯಾಗಿತ್ತು. ಗಂಡ ಶಾಲಾ ವ್ಯಾನಿನ ಚಾಲಕ. ಒಂದು ದಿನ ಇವರು ಮನೆಗೆ ಬೇಕಾದ ಸಾಮಾನಿನ ಚೀಟಿ ಬರೆದು ಅಡುಗೆಮನೆಯಲ್ಲಿಟ್ಟು ಬಂದಿದ್ದರು. ಸಂಜೆ ಮನೆಗೆ ಹೋದರೆ ಗಂಡ ಚೀಟಿ ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದಾರೆ. "ಮನೆಗೆ ಯಾರು ಬಂದಿದ್ರು? ಇದನ್ನ ಬರೆದವರು ಯಾರು?" ಎಂದು ಕೇಳಿದರು.

"ನಾನೇ ಅಂದೆ. ಅವರು ನಂಬಲಿಲ್ಲ. ಮದುವೆಗೆ ಮುಂಚೆ ನಾನು ಬರೆದಿದ್ದ ಹನ್ನೊಂದು ಕಾಗದ ಅವರ ಹತ್ರ ಇದ್ವು. ತಂದು ಪಕ್ಕಕ್ಕಿಟ್ರು. ಎಲ್ಲಿ, ಹೀಗೆ ಬರಿ ನೋಡೋಣ ಅಂದ್ರು. ಬರೆಯೋಕೆ ಕೂತೆ." ಅವರು ಲೇಖನಿಯನ್ನು ಒರೆಸಿ ಕೆಳಗಿಡುತ್ತಾರೆ. "ಬರಲಿಲ್ಲ. ಎಷ್ಟು ಪ್ರಯತ್ನ ಮಾಡಿದ್ರೂ ಅಜ್ಜನ ಅಕ್ಷರವೇ ಬಂತು. ಆ ಹನ್ನೊಂದು ಕಾಗದ ಈಗಲೂ ಡಬ್ಬಿಯಲ್ಲಿವೆ. ತೆಗೆದು ನೋಡಿದ್ರೆ ಯಾರೋ ತೀರಿಹೋದ ಹುಡುಗಿ ಬರೆದಿದ್ದು ಅನ್ಸುತ್ತೆ."

ಬ್ಯಾಂಕಿನವರು ಎರಡು ಸಲ ಸಹಿ ಹೊಂದುತ್ತಿಲ್ಲ ಎಂದು ವಾಪಸು ಕಳಿಸಿದರಂತೆ. ಮೂರನೆಯ ಸಲ ಹೊಸ ಸಹಿಯನ್ನೇ ದಾಖಲು ಮಾಡಿಸಿದರು. ಅಲ್ಲಿಗೆ ಹಳೆಯ ಕೈ ಕಾಗದದ ಮೇಲೂ ಇಲ್ಲವಾಯಿತು.

ಕೋಣೆಯ ಎಡಗೋಡೆಯಲ್ಲಿ ಇನ್ನೊಂದು ಬಾಗಿಲಿದೆ. ಅದರಾಚೆ ಇರುವುದನ್ನು ಹೆಸರಮ್ಮ 'ಬಾರದವರ ಕೋಣೆ' ಎನ್ನುತ್ತಾರೆ. ಬರೆದು ಮುಗಿಸಿದರೂ ಯಾರೂ ಬಂದು ಒಯ್ಯದ ಪದವಿ ಪತ್ರಗಳು ಅಲ್ಲಿವೆ. ನೆಲದಿಂದ ಸೂರಿನವರೆಗೆ ಕಬ್ಬಿಣದ ಕಪಾಟುಗಳು, ಒಂದೊಂದರಲ್ಲೂ ದಾರ ಕಟ್ಟಿದ ಕಟ್ಟುಗಳು. ಬಿಸಿಲು ಮೇಲೇರಿ ಗೋಡೆ ಕಾಯುವ ಹೊತ್ತಿಗೆ ರಾತ್ರಿಯ ತೇವಕ್ಕೆ ಉಬ್ಬಿದ ಕಾಗದ ಮೆಲ್ಲಗೆ ಬಿಗಿಯುತ್ತದೆ. ಆಗ ಒಳಗಿನಿಂದ ಸದ್ದು ಬರುತ್ತದೆ. ದೊಡ್ಡ ಸಭೆಯೊಂದು ಎದ್ದು ನಿಲ್ಲುವ ಮುಂಚೆ ಕುರ್ಚಿಗಳಲ್ಲಿ ಕದಲುತ್ತದಲ್ಲ, ಅಂಥ ಸದ್ದು. ನಾನು ಬೆಚ್ಚಿಬಿದ್ದದ್ದನ್ನು ನೋಡಿ ಹೆಸರಮ್ಮ ನಗುತ್ತಾರೆ. "ಏಳೂವರೆಗೆ ಸರಿಯಾಗಿ ಶುರು. ಹದಿನೈದು ನಿಮಿಷ. ಆಮೇಲೆ ಸುಮ್ಮನಾಗ್ತಾರೆ."

ಆಗ್ತಾರೆ ಎನ್ನುತ್ತಾರೆ, ಆಗ್ತವೆ ಎನ್ನುವುದಿಲ್ಲ.

ಸಂಖ್ಯಾಶಾಸ್ತ್ರ ಓದಿದವರ ಕಣ್ಣು ಸುಮ್ಮನಿರುತ್ತದೆಯೇ? ಅವರು ಸೇರಿದ ವರ್ಷ ನಲವತ್ತು ಜನರಲ್ಲಿ ಒಬ್ಬರು ಪದವಿ ಪತ್ರ ಒಯ್ಯದೆ ಬಿಡುತ್ತಿದ್ದರು. ಹತ್ತು ವರ್ಷದ ನಂತರ ಇಪ್ಪತ್ತೆರಡಕ್ಕೆ ಒಬ್ಬರು. ಕಳೆದ ವರ್ಷ ಒಂಬತ್ತಕ್ಕೆ ಒಬ್ಬರು. "ಯಾರೂ ನನಗೆ ಈ ಲೆಕ್ಕ ಕೇಳಿಲ್ಲ. ನಾನೇ ಇಟ್ಕೊಂಡಿದೀನಿ. ಓದಿದ್ದು ಎಲ್ಲಾದ್ರೂ ಉಪಯೋಗ ಆಗ್ಲಿ ಅಂತ," ಎನ್ನುವಾಗ ದನಿಯಲ್ಲಿ ಕಹಿ ಇಲ್ಲ, ಸಣ್ಣ ತಮಾಷೆಯಿದೆ. ಯಾಕೆ ಬರುವುದಿಲ್ಲ ಎಂದು ಕೇಳಿದೆ. ಕೆಲವರು ಊರು ಬಿಟ್ಟಿರುತ್ತಾರೆ, ಕೆಲವರು ಸತ್ತಿರುತ್ತಾರೆ. ಹೆಚ್ಚಿನವರು ಮೂರು ರಸ್ತೆ ಆಚೆ ಸಾಮಾನು ಹೊರುತ್ತಲೋ, ಅಂಗಡಿಯಲ್ಲಿ ಪೊಟ್ಟಣ ಕಟ್ಟುತ್ತಲೋ ಇರುತ್ತಾರೆ. ಅದು ಬೇಕಾಗುವ ಸಂದರ್ಭವೇ ಅವರಿಗೆ ಬಂದಿರುವುದಿಲ್ಲ. ಒಮ್ಮೆ ಒಬ್ಬ ಹೆಂಗಸು ಹತ್ತೊಂಬತ್ತು ವರ್ಷದ ಬಳಿಕ ಬಂದು, ತನ್ನ ಪತ್ರವನ್ನು ಬಹಳ ಹೊತ್ತು ನೋಡಿ, "ಚೆನ್ನಾಗಿ ಬರ್ದಿದೀರಾ. ಇಲ್ಲೇ ಇರಲಿ, ನಮ್ಮ ಮನೇಲಿ ಇಲಿ ಕಾಟ," ಎಂದು ವಾಪಸು ಕೊಟ್ಟು ಹೋದರಂತೆ.

ಹೆಸರಮ್ಮನ ಕೆಲಸ ಇವತ್ತಿಗೂ ಖಾಯಂ ಅಲ್ಲ. ಹನ್ನೊಂದು ತಿಂಗಳಿಗೊಮ್ಮೆ ಆದೇಶ ಮುಗಿಯುತ್ತದೆ. ಒಂದು ದಿನ ಬಿಟ್ಟು ಹೊಸ ಆದೇಶ ಬರುತ್ತದೆ. ಆ ಒಂದು ದಿನ ಅವರು ಕಟ್ಟಡದೊಳಗೆ ಕಾಲಿಡುವಂತಿಲ್ಲ. ಹಿಂದಿನ ಸಂಜೆಯೇ ಗುರುತಿನ ಚೀಟಿ, ಕೋಣೆಯ ಕೀಲಿ ಎರಡನ್ನೂ ಕಾವಲುಗಾರನಿಗೆ ಒಪ್ಪಿಸಬೇಕು. ಹಾಜರಿ ಪುಸ್ತಕದಲ್ಲಿ ಆ ದಿನದ ಮನೆಗೆ ಕೆಂಪು ಗೆರೆ ಎಳೆಯುತ್ತಾರೆ. ಸೇವೆ ಮುರಿಯದೆ ನಡೆದರೆ ನಾಳೆ ಹಕ್ಕು ಕೇಳಿಯಾರು ಎಂಬ ಮುಂಜಾಗ್ರತೆ. "ಈವರೆಗೆ ಇಪ್ಪತ್ತಾರು ದಿನ ನಾನು ಇರಲಿಲ್ಲ," ಎನ್ನುತ್ತಾರೆ.

ಹದಿನೇಳನೇ ವರ್ಷ ಒಳ್ಳೆಯ ಸುದ್ದಿ ಬಂತು. ಹೀಗೆ ದುಡಿಯುತ್ತಿದ್ದ ಹದಿನೈದು ಮಂದಿಯನ್ನು ಖಾಯಂ ಮಾಡುವ ಕಡತ ಮೇಲಕ್ಕೆ ಹೋಯಿತು. ಪಟ್ಟಿಯಲ್ಲಿ ಇವರ ಹೆಸರೂ ಇತ್ತು. ನಿವೃತ್ತಿವೇತನ, ಔಷಧದ ಖರ್ಚು, ವರ್ಷಕ್ಕೊಮ್ಮೆ ಇಲ್ಲವಾಗದೇ ಇರುವ ನೆಮ್ಮದಿ, ಎಲ್ಲವೂ ಕೈಗೆಟುಕುವಷ್ಟು ಹತ್ತಿರ. ಆ ವರ್ಷದ ಕೆಂಪು ಗೆರೆಯ ದಿನ ಇವರು ಮನೆಯಲ್ಲೇ ಇದ್ದರು.

ಮರುದಿನ ಬೆಳಿಗ್ಗೆ ಬಂದು ಬೀಗ ತೆಗೆದರು. ಕೋಣೆಯಲ್ಲಿ ಮಸಿಯ ಹಸಿ ವಾಸನೆ. ಲೇಖನಿ ತೊಳೆದು ಒರೆಸಿ, ಇವರು ಇಡುವ ಹಾಗೆಯೇ ಮೊನೆ ಕಿಟಕಿಯ ಕಡೆಗೆ ಮಾಡಿ ಇಟ್ಟಿತ್ತು. ಒಣಗಿಸುವ ಹಲಗೆಯ ಮೇಲೆ ಐದು ಪದವಿ ಪತ್ರ. ವಿಜ್ಞಾನ, ಕಲೆ, ವಾಣಿಜ್ಯ, ಕಾನೂನು, ವೈದ್ಯಕೀಯ, ಒಂದೊಂದು ವಿಭಾಗದ್ದು ಒಂದೊಂದು. ಐದರ ಮೇಲೂ ಒಂದೇ ಹೆಸರು. ಐದಕ್ಕೂ ಪ್ರಥಮ ದರ್ಜೆ. ಮಸಿ ಆಗಲೇ ಕಡುಕಪ್ಪಾಗಿತ್ತು. ಅಂದರೆ ಬರೆದು ಒಂದು ದಿನವಾಗಿತ್ತು. ಆ ಹೆಸರು ಯಾವ ಪಟ್ಟಿಯಲ್ಲೂ ಇರಲಿಲ್ಲ.

ಅಕ್ಷರ ಇವರದೇ.

"ಭೂತಗನ್ನಡಿ ಹಿಡಿದು ನೋಡಿದೆ. ಒಂದು ಎಳೆ ವ್ಯತ್ಯಾಸ ಇಲ್ಲ. ಎಲ್ಲಿ ಲೇಖನಿ ಎತ್ತುತೀನೋ ಅಲ್ಲೇ ಎತ್ತಿದೆ. ಎಲ್ಲಿ ಒತ್ತುತೀನೋ ಅಲ್ಲೇ ಒತ್ತಿದೆ. ಕಾವಲಿನವರನ್ನ ಕೇಳಿದ್ರೆ ಯಾರೂ ಬಂದಿಲ್ಲ ಅಂದ್ರು, ಮುಖ ಮಾತ್ರ ಬೇರೆ ಕಡೆ ತಿರುಗಿಸಿದ್ರು. ಅಲ್ಲಿಗೆ ನನ್ನ ಮೇಲೇ ನನಗೆ ಅನುಮಾನ ಬಂತು. ನಾನೇ ಬಂದು ಬರೆದೆನೇನೋ ಅಂತ."

ಅವತ್ತು ಮಧ್ಯಾಹ್ನ ಮನೆಗೆ ಓಡಿ ಹೋಗಿ, ಶಾಲೆಯಿಂದ ಬಂದ ಹದಿಮೂರು ವರ್ಷದ ಮಗಳನ್ನು ಎದುರು ಕೂರಿಸಿಕೊಂಡು ಕೇಳಿದರಂತೆ, "ನಿನ್ನೆ ನಾನು ಎಲ್ಲಿದ್ದೆ?"

"ಮನೇಲೇ ಇದ್ಯಲ್ಲಮ್ಮ. ನಾನು ಶಾಲೆಗೆ ಹೋಗೋವಾಗ ನೀನು ಮಲಗಿದ್ದೆ."

"ನೀನು ಬಂದಾಗ?"

"ಆಗಲೂ ಮಲಗಿದ್ದೆ. ಯಾಕೆ?"

ಮಗಳ ಉತ್ತರದಿಂದ ಸಮಾಧಾನವಾಗಲಿಲ್ಲ. ನಡುವಿನ ಏಳು ಗಂಟೆ ಹಾಗೇ ಉಳಿಯಿತು. ಕೊನೆಗೆ ಹೊಳೆದದ್ದು ಒಂದೇ ದಾರಿ. ಈ ಕೈಯನ್ನು ಕಲಿಸಿದವರನ್ನೇ ಕೇಳಬೇಕು, ತನ್ನ ಹಾಗೆ ಇನ್ನೊಬ್ಬರಿಗೂ ಕಲಿಸಿದ್ದರೋ ಏನೋ. ಸಂಜೆ ಮಸಿಯಜ್ಜನ ಮನೆ ಹುಡುಕಿಕೊಂಡು ಹೋದರು. ಅಜ್ಜ ನಿವೃತ್ತರಾಗಿ ಹದಿನಾರು ವರ್ಷವಾಗಿತ್ತು. ಪೊರೆಯ ಶಸ್ತ್ರಚಿಕಿತ್ಸೆಯಾಗಿ ಕಣ್ಣು ಸರಿಹೋಗಿತ್ತು, ಆದರೆ ನೆನಪು ಹೋಗಿತ್ತು.

ಬಾಗಿಲು ತೆರೆದದ್ದು ಅಜ್ಜನ ಹೆಂಡತಿ. ಇವರು ಬಾಯಿ ಬಿಡುವ ಮೊದಲೇ, "ನಮ್ಮನೆಯವರು ನಿನ್ನೆ ಅಲ್ಲಿಗೇ ಬಂದಿದ್ರಾ?" ಎಂದು ಆಕೆಯೇ ಕೇಳಿದರು. "ಬೆಳಕು ಹರಿಯೋ ಮುಂಚೆ ಎದ್ದು ಬಟ್ಟೆ ಹಾಕ್ಕೊಂಡ್ರು. ಎಲ್ಲಿಗೆ ಅಂದ್ರೆ ಕೆಲಸಕ್ಕೆ ಅಂದ್ರು. ಮಧ್ಯಾಹ್ನ ತಾವಾಗೇ ಬಂದ್ರು. ಬೆರಳೆಲ್ಲ ಮಸಿ. ತುಂಬಾ ಖುಷಿಯಾಗಿದ್ರು ಕಣಮ್ಮ, ಎಷ್ಟೋ ವರ್ಷದ ಮೇಲೆ."

ಹೆಸರಮ್ಮ ಆ ಐದು ಪತ್ರಗಳ ಮೇಲಿದ್ದ ಹೆಸರನ್ನು ಹೇಳಿದರು. ಆ ಹೆಂಗಸು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಅದು ಅಜ್ಜನ ಸ್ವಂತ ಹೆಸರು. ಅಜ್ಜ, ಮಸಿ, ಮಸಿಯಜ್ಜ ಎಂದೇ ಕರೆಸಿಕೊಂಡು ಬಾಳಿದವರ ಪೂರ್ತಿ ಹೆಸರು, ತಂದೆಯ ಹೆಸರಿನ ಸಮೇತ. ಅವರ ಜೊತೆ ಒಂದಿಡೀ ವರ್ಷ ಭುಜಕ್ಕೆ ಭುಜ ತಾಗಿಸಿ ಕೂತಿದ್ದ ಹೆಸರಮ್ಮನಿಗೂ ಅದು ಗೊತ್ತಿರಲಿಲ್ಲ. ಹತ್ತನೇ ತರಗತಿಯ ಗಣಿತದಲ್ಲಿ ಮೂರು ಸಲ ಫೇಲಾಗಿ, ಮಸಿ ತುಂಬುವ ಕೆಲಸಕ್ಕೆ ಸೇರಿ, ಒಂದು ಲಕ್ಷಕ್ಕೂ ಮೀರಿ ಜನರನ್ನು ಪದವೀಧರರನ್ನಾಗಿ ಮಾಡಿದ ಮನುಷ್ಯ ಕೊನೆಗೊಂದು ದಿನ ತನ್ನ ಹೆಸರನ್ನು ಬರೆದುಕೊಂಡಿದ್ದರು. ಬರೆಯುವ ಮುಂಚೆ ಅದನ್ನೂ ಬಾಯಿಬಿಟ್ಟು ಕರೆದಿರಬೇಕು, ಐದು ಸಲ. ಆ ಹೆಸರನ್ನು ಇಲ್ಲಿ ಹಾಕಬೇಡಿ ಎಂದು ಹೆಸರಮ್ಮ ಕೇಳಿಕೊಂಡಿದ್ದಾರೆ.

ಒಳಗೆ ಅಜ್ಜ ಕಿಟಕಿಯ ಬಳಿ ಕೂತಿದ್ದರು. ಇವರನ್ನು ಗುರುತು ಹಿಡಿಯಲಿಲ್ಲ. ಯಾರೋ ಬಂದಿದ್ದಾರೆ ಎಂದು ನಯವಾಗಿ ತಲೆಯಾಡಿಸಿದರು. ಹೆಸರಮ್ಮ ಅವರ ಕಾಲ ಬಳಿ ಕೂತಾಗ ಅಜ್ಜನ ನೋಟ ಇವರ ಬಲಗೈ ಮೇಲೆ ಬಿತ್ತು. ಮೆಲ್ಲಗೆ ಅದನ್ನು ಎತ್ತಿಕೊಂಡರು. ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು. ಮಧ್ಯದ ಬೆರಳಿನ ಗಂಟನ್ನು ತಮ್ಮ ಹೆಬ್ಬೆರಳಿಂದ ಸವರಿದರು.

"ಇದು ನನ್ನದು," ಎಂದರು. "ಎಲ್ಲಿಟ್ಟೆ ಅಂತ ಹುಡುಕ್ತಾ ಇದ್ದೆ."

ಇದನ್ನು ಹೇಳುವಾಗ ಹೆಸರಮ್ಮ ಬಲಗೈಯನ್ನು ಎಡಗೈಯೊಳಗೆ ಮುಚ್ಚಿಕೊಳ್ಳುತ್ತಾರೆ. "ಎಷ್ಟೋ ಹೊತ್ತು ಬಿಡಲೇ ಇಲ್ಲ. ನಾನೂ ಎಳ್ಕೊಳ್ಳಲಿಲ್ಲ. ಸುಳ್ಳು ಯಾಕೆ ಹೇಳ್ಲಿ, ಅವರು ಅಂದಿದ್ದು ನಿಜ ಅಂತಾನೇ ಅನ್ನಿಸ್ತು."

ಪದವಿ ಪತ್ರದ ಹಾಳೆಗಳಿಗೆ ಕ್ರಮಸಂಖ್ಯೆ ಇರುತ್ತದೆ. ಒಂದು ಹಾಳೆ ಕಾಣೆಯಾದರೂ ಸುಳ್ಳು ಪದವಿ ಮಾರಾಟವಾಯಿತೆಂದೇ ಅರ್ಥ. ಐದು ಹಾಳೆಗಳ ಸುದ್ದಿ ಮುಚ್ಚಿಡುವಂತಿರಲಿಲ್ಲ. ವಾರದೊಳಗೆ ಮೂವರ ವಿಚಾರಣಾ ಸಮಿತಿ ಕೂತಿತು.

ಅಷ್ಟರಲ್ಲಿ ಕಾವಲುಗಾರ ಬಂದು ಇವರೆದುರು ನಿಜ ಒಪ್ಪಿಕೊಂಡಿದ್ದರು. ಅವರನ್ನು ಎಲ್ಲರೂ ಮೀಸೆ ಎನ್ನುತ್ತಿದ್ದರು, ಈಗ ನಿವೃತ್ತರು. ಈ ಲೇಖನಕ್ಕಾಗಿ ನಾನು ಅವರನ್ನೂ ಕಂಡೆ. ಮೀಸೆ ಪೂರ್ತಿ ಬೆಳ್ಳಗಾಗಿದೆ, ಮಾತು ಇನ್ನೂ ಗಟ್ಟಿಯಿದೆ. "ಅವರು ಮೆಟ್ಟಿಲ ಹತ್ರ ಬಂದು ಕೈ ಚಾಚಿದ್ರು. ನಾನು ಕೀಲಿ ಕೊಟ್ಟೆ. ಅಷ್ಟೇ. ಮೊದಲು ದಿನಾ ಹಾಗೇ ಕೊಡ್ತಿದ್ದೆನಲ್ಲ. ಅವರು ರಿಟೈರಾಗಿದಾರೆ, ಹದಿನಾರು ವರ್ಷ ಕಳೆದಿದೆ ಅನ್ನೋದು ಆ ಗಳಿಗೇಲಿ ನನ್ನ ತಲೇಲೇ ಇರಲಿಲ್ಲ. ಮೇಲಿಂದ ಹೆಸರು ಕರೆಯೋದು ಕೇಳಿಸ್ತಿತ್ತು. ಒಂದೇ ಹೆಸರು, ಮತ್ತೆ ಮತ್ತೆ. ಆಗ ಎಚ್ಚರ ಆಯ್ತು. ಆದ್ರೆ ಮೇಲೆ ಹೋಗೋಕೆ ಕಾಲು ಬರಲಿಲ್ಲ, ಸ್ವಾಮಿ. ಯಾರನ್ನ ನೋಡ್ತೀನೋ ಅಂತ."

ಮೀಸೆಯ ನಿವೃತ್ತಿಗೆ ಎರಡೇ ವರ್ಷವಿತ್ತು. ನಿಜ ಹೊರಬಿದ್ದರೆ ಅವರ ಕೆಲಸ ಹೋಗುತ್ತಿತ್ತು. ಅಜ್ಜನ ಮನೆಗೆ ಪೊಲೀಸರು ಹೋಗುತ್ತಿದ್ದರು, ಅವರಿಗೆ ಬರುತ್ತಿದ್ದ ನಿವೃತ್ತಿವೇತನಕ್ಕೂ ಕುತ್ತು. ಸಮಿತಿಯ ಮುಂದೆ ಹೆಸರಮ್ಮ ನಿಂತು, ತಾನೇ ಬರೆದದ್ದು ಎಂದರು.

"ಯಾವಾಗ?" ಎಂದು ಕೇಳಿದರು ಅಧಿಕಾರಿ.

"ರಜೆಗೆ ಹೋಗೋ ಹಿಂದಿನ ಸಂಜೆ, ಸರ್."

"ಯಾಕೆ?"

"ಕೈ ಹದಕ್ಕೆ ಬರಲಿ ಅಂತ. ತಪ್ಪಾಯ್ತು."

"ಇದು ಯಾರ ಹೆಸರು?"

"ಬಾಯಿಗೆ ಬಂದ ಹೆಸರು."

ನಂಬದಿರಲು ಅವರಿಗೆ ಕಾರಣವೇ ಇರಲಿಲ್ಲ. ಹಳೆಯ ಪತ್ರಗಳ ಪಕ್ಕಕ್ಕಿಟ್ಟು ನೋಡಿದರು, ಅಕ್ಷರ ತಾಳೆಯಾಯಿತು. ತಪ್ಪೊಪ್ಪಿಗೆ ಬರೆಸಿಕೊಂಡರು, ಅದೂ ತಾಳೆಯಾಯಿತು. ಐದು ಪತ್ರಗಳನ್ನು ಸಮಿತಿಯ ಎದುರಿಗೆ ಇವರ ಕೈಯಿಂದಲೇ ಹರಿದುಹಾಕಿಸಿದರು. ಕಾಗದ ದಪ್ಪ, ಹರಿಯಲು ಹೊತ್ತು ಹಿಡಿಯಿತು. ಆ ವರ್ಷ ಹದಿನೈದು ಮಂದಿಯಲ್ಲಿ ಹದಿನಾಲ್ಕು ಮಂದಿ ಖಾಯಂ ಆದರು. ಹದಿನೈದನೆಯವರ ಹೆಸರಿನ ಮುಂದೆ 'ನಂಬಿಕೆಗೆ ಅರ್ಹರಲ್ಲ' ಎಂದು ಬಿತ್ತು. ಕೆಲಸದಿಂದ ಮಾತ್ರ ತೆಗೆಯಲಿಲ್ಲ. ತೆಗೆದರೆ ಆ ಅಕ್ಷರ ಬರೆಯುವವರು ಬೇರೆ ಯಾರಿದ್ದಾರೆ?

ಗಂಡನಿಗೆ ಎಲ್ಲವನ್ನೂ ಹೇಳಿದರು. ಅವರು ಎಂಟು ದಿನ ಮಾತಾಡಲಿಲ್ಲ. ಒಂಬತ್ತನೇ ದಿನ ವ್ಯಾನಿನ ಗಾಜು ಒರೆಸುತ್ತ, "ನೀನು ಮಾಡಿದ್ದು ಸರಿ. ಆದ್ರೂ ಒಂದು ಮಾತು ನನ್ನ ಕೇಳಬಹುದಿತ್ತು," ಎಂದರಂತೆ. ಇಸ್ತ್ರಿ ಅಂಗಡಿಯ ತಾಯಿಗೆ ಈಗ ಎಪ್ಪತ್ನಾಲ್ಕು. ಅವರಿಗೆ ಇಂದಿಗೂ ವಿಷಯ ತಿಳಿಸಿಲ್ಲ. "ಪ್ರತಿ ಸಲ ಹೋದಾಗ, ಖಾಯಂ ಆಯ್ತೇನೇ ಅಂತ ಕೇಳ್ತಿದ್ಲು. ಹದಿನೆಂಟು ವರ್ಷ ಕೇಳಿದ್ಲು. ಆಮೇಲೆ ಕೇಳೋದು ಬಿಟ್ಲು. ಕೇಳ್ತಿದ್ದಾಗ್ಲೇ ವಾಸಿಯಿತ್ತು."

ವಿಚಾರಣೆಯ ಮರುವರ್ಷ ಅಜ್ಜ ತೀರಿಕೊಂಡರು, ಎರಡು ವರ್ಷದ ಬಳಿಕ ಅವರ ಹೆಂಡತಿ. ಮೀಸೆ ಪೂರ್ತಿ ನಿವೃತ್ತಿವೇತನ ಪಡೆದು ಮನೆಯಲ್ಲಿದ್ದಾರೆ. ಇನ್ನು ಯಾರಿಗೂ ತೊಂದರೆಯಿಲ್ಲ, ಬರೆಯಿರಿ ಎಂದು ಮೀಸೆಯೇ ಹೇಳಿದ ಮೇಲೆ ಹೆಸರಮ್ಮ ನನ್ನೊಡನೆ ಬಾಯಿ ಬಿಟ್ಟದ್ದು. ಅವರಿಗೆ ಇದರಿಂದ ಆಗಬೇಕಾದ್ದು ಏನೂ ಇಲ್ಲ. ಖಾಯಂ ಆಗುವ ವಯಸ್ಸಿನ ಮಿತಿ ಯಾವಾಗಲೋ ದಾಟಿದೆ. ಮುಂದಿನ ಕೆಂಪು ಗೆರೆಗೆ ಇನ್ನು ನಲವತ್ತು ದಿನ.

ಆ ದಿನ ಈಗಲೂ ಮನೆಯಲ್ಲಿ ಕೂರಲಾಗುವುದಿಲ್ಲವಂತೆ. ಬೆಳಿಗ್ಗೆಯೇ ಬಂದು ರಸ್ತೆಯಾಚೆಯ ಚಹಾ ಅಂಗಡಿಯ ಬೆಂಚಿನ ಮೇಲೆ ಕೂತು ಎರಡನೇ ಮಹಡಿಯ ಕಿಟಕಿ ನೋಡುತ್ತಾರೆ. ಏನು ಕಾಣುತ್ತದೆ ಎಂದು ಕೇಳಿದೆ. "ಏನೂ ಕಾಣಲ್ಲ. ಮುಚ್ಚಿದ ಕಿಟಕಿ. ಆದ್ರೆ ಒಂದು ಹೇಳ್ತೀನಿ, ನಗಬೇಡಿ. ಅಲ್ಲಿ ಕೂತಿದ್ದಾಗ ಬಲಗೈ ಸುಮ್ಮನಿರಲ್ಲ. ತೊಡೆ ಮೇಲೆ ತಾನಾಗೇ ಬರೀತಾ ಇರುತ್ತೆ. ಯಾರ ಹೆಸರು ಅಂತ ನಾನು ಗಮನ ಕೊಟ್ಟು ನೋಡಲ್ಲ." ನಾನು ನಗಲಿಲ್ಲ.

ಬಿಸಿಲು ಈಗ ಮೇಜಿನ ಅಂಚಿಗೆ ಬಂದಿದೆ. ಕೆಳಗೆ ಬಾಗಿಲುಗಳು ತೆರೆಯುವ ಸದ್ದು ಶುರುವಾಗಿದೆ. ಎಂಬತ್ತೆಂಟು ಹೆಸರು ಆಗಿವೆ. ಕೈಯ ಮಸಿ ಒರೆಸಿಕೊಳ್ಳುತ್ತ ಹೆಸರಮ್ಮ ಮಗಳ ಮಾತು ತೆಗೆಯುತ್ತಾರೆ. ಮಗಳಿಗೆ ಇಪ್ಪತ್ತು. ಪದವಿಯ ಕೊನೆಯ ಪರೀಕ್ಷೆ ಬರೆದು ಕೂತಿದ್ದಾಳೆ. ಕಳೆದ ತಿಂಗಳು ಊಟದ ಹೊತ್ತಿನಲ್ಲಿ, ಮುಂದೆ ಓದಲೋ ಬೇಡವೋ ಎಂದು ಕೇಳಿದಳಂತೆ. ಜೊತೆಗೆ, "ನಿನ್ನ ಒಂಬತ್ತಕ್ಕೊಂದು ಲೆಕ್ಕದಲ್ಲಿ ನಾನು ಎಲ್ಲಿ ಬರ್ತೀನಮ್ಮ?" ಎಂದೂ ಕೇಳಿದಳಂತೆ.

"ನನ್ನ ಅಮ್ಮ ನನಗೆ ಹೇಳಿದ ಹಾಗೆ ಹೇಳೋಕೆ ಬಾಯಿ ಬರಲಿಲ್ಲ. ಓದಬೇಡ ಅನ್ನೋಕೂ ಬರಲಿಲ್ಲ. ಎರಡು ದಿನ ಯೋಚನೆ ಮಾಡಿದೆ. ಆಮೇಲೆ ಅಂದೆ, ನಿನಗೆ ಇಷ್ಟ ಇದ್ರೆ ಓದು. ಓದಿದ್ರೆ ಇಂಥದ್ದು ಸಿಗುತ್ತೆ ಅಂತ ಮಾತ್ರ ನಾನು ಮಾತು ಕೊಡಲ್ಲ. ಅದು ನನ್ನ ಕೈಲಿಲ್ಲ. ನಾನು ಓದಿದ ಆ ಗಣಿತ ನನಗೆ ಇಷ್ಟ ಇತ್ತು, ಈಗಲೂ ಇದೆ. ಅದೊಂದು ಮಾತ್ರ ಯಾರೂ ಕಿತ್ಕೊಂಡಿಲ್ಲ."

ಮಗಳು ಏನು ಮಾಡಿದಳು?

"ಅರ್ಜಿ ತಂದ್ಲು. ನೀನೇ ತುಂಬಿಕೊಡಮ್ಮ, ನಿನ್ನ ಅಕ್ಷರ ನೋಡಿದ್ರೆ ಅವರು ಸೀಟು ಕೊಟ್ಟೇ ಬಿಡ್ತಾರೆ ಅಂತ ಮೇಜಿನ ಮೇಲಿಟ್ಲು. ನಾನು ಮುಟ್ಟಲಿಲ್ಲ. ನೀನೇ ಬರಿ ಅಂದೆ. ಕೂತು ಬರೆದ್ಲು, ಎರಡು ಕಡೆ ಚಿತ್ತು ಮಾಡಿ, ಒಂದು ಕಡೆ ಗೆರೆ ದಾಟಿ." ಹೆಸರಮ್ಮನ ಮುಖದಲ್ಲಿ ಬೆಳಗಿನಿಂದ ಕಾಣದ ಒಂದು ನಗು ಹರಡುತ್ತದೆ. "ನೋಡೋಕಾಗಲ್ಲ, ಕಾಗೆ ಕಾಲು ಗುಬ್ಬಿ ಕಾಲು. ಆದ್ರೆ ಪೂರ್ತಿ ಅವಳದೇ."